ಲಾಟಿನಲ್ಲಿ ಬರುವ ಹಳೆ ಲ್ಯಾಪ್‌ಟಾಪ್: ಯಾವುದು ತಗೋಬೇಕು, ಯಾವುದು ಬಿಡಬೇಕು?

ಪ್ರಶ್ನೆ: ನಾನು ದಾವಣಗೆರೆಯ ನಿಟುವಳ್ಳಿಯವನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಒಂದು ಸರ್ವಿಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಬೆಂಗಳೂರಿನ ಎಸ್.ಪಿ. ರಸ್ತೆಯ ವ್ಯಾಪಾರಿಯೊಬ್ಬರು 20 ಹಳೆ ಲ್ಯಾಪ್‌ಟಾಪ್‌ಗಳನ್ನು ಒಟ್ಟಿಗೆ, ಒಂದು ಲಾಟಾಗಿ, ಎಲ್ಲಕ್ಕೂ ಒಂದೇ ದರದಲ್ಲಿ ಕೊಡುತ್ತೇನೆ ಅಂತಿದ್ದಾರೆ. ಕಂಪನಿಗಳು ಬಿಟ್ಟ ಮಾಲು. ಇಂಟೆಲ್ ಪ್ರೊಸೆಸರ್‌ನ 4ನೇ, 6ನೇ, 8ನೇ ಜನರೇಶನ್ (ತಲೆಮಾರು) ಮೂರೂ ಸೇರಿವೆ. ರ‍್ಯಾಮ್, ಎಸ್‌ಎಸ್‌ಡಿ ಹಾಕಿ ಕಾಲೇಜು ಹುಡುಗರಿಗೆ ಮಾರಬೇಕು ಅಂತ ಆಸೆ. ಇದು ಗಿಟ್ಟುತ್ತಾ? ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು? ಅಂಗಡಿ ಹಿಡಿಯಲೋ, ಮನೆಯಿಂದಲೇ ಶುರು ಮಾಡಲೋ?

ಉತ್ತರ: ಗಿಟ್ಟುತ್ತದೆ. ಆದರೆ ಒಂದೇ ದರಕ್ಕೆ ಇಪ್ಪತ್ತನ್ನೂ ಎತ್ತಿಕೊಂಡು ಬಂದರೆ ಗಿಟ್ಟುವುದಿಲ್ಲ. ಈ ವ್ಯಾಪಾರದಲ್ಲಿ ದುಡ್ಡು ಕೈಬಿಡುವುದು ಕೊಳ್ಳುವ ಹೊತ್ತಿನಲ್ಲಿ. ಕೈಕೆಲಸ ಗೊತ್ತಿರುವವರಿಗೆ ಇಲ್ಲಿ ಅಪಾಯ ಜಾಸ್ತಿ, ಯಾಕಂದರೆ ಯಾವ ಡಬ್ಬಾ ನೋಡಿದರೂ "ಇದನ್ನ ಸರಿ ಮಾಡಬಹುದು" ಅನ್ನಿಸಿಬಿಡುತ್ತದೆ. ಸರಿ ಮಾಡಬಹುದು, ನಿಜ. ಮಾಡಿದ ಮೇಲೆ ಯಾರು ತಗೋತಾರೆ, ಎಷ್ಟಕ್ಕೆ ತಗೋತಾರೆ, ಅದಕ್ಕೆ ಹೋದ ನಿಮ್ಮ ಸಮಯಕ್ಕೆ ಬೆಲೆ ಸಿಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಬೇಡ ಅನ್ನಲು ಕಲಿತವರು ಮಾತ್ರ ಇದರಲ್ಲಿ ಉಳಿದಿರುವುದನ್ನು ನಾನು ನೋಡಿದ್ದೇನೆ.

ಮೊದಲು ಜನರೇಶನ್ ವಿಷಯ ಮುಗಿಸೋಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆ ಅಂದರು, ಅದು 2026ರ ಅಕ್ಟೋಬರ್‌ವರೆಗಿನ ಮಾತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಆನ್ ಆಗುವಾಗ ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಜನರೇಶನ್‌ನಿಂದ ಮೇಲಿರಬೇಕು. ಹಳೆ ಲ್ಯಾಪ್‌ಟಾಪ್ ಮಾರುಕಟ್ಟೆ ಈ ಗೆರೆಯಲ್ಲಿ ಎರಡಾಗಿದೆ. ಕಂಪನಿಗಳು 6ನೇ, 7ನೇ ಜನರೇಶನ್ ಮಾಲನ್ನು ರಾಶಿ ರಾಶಿ ಹೊರಗೆ ಹಾಕುತ್ತಿರುವುದೂ ಇದೇ ಕಾರಣಕ್ಕೆ. ನಿಮ್ಮ ಲಾಟಿನಲ್ಲಿ ಅವು ಯಾಕೆ ಸೇರಿವೆ ಅಂತ ಈಗ ಗೊತ್ತಾಯಿತಲ್ವಾ?

ಹಾಗಾಗಿ 8ನೇ ಜನರೇಶನ್ ಇರುವುದನ್ನು ಬೇರೆ ದರ ಮಾತಾಡಿ ತಗೊಳ್ಳಿ. 6ನೇಯದು ತೀರಾ ಕಡಿಮೆಗೆ ಸಿಕ್ಕರೆ ಕೆಲವನ್ನು ತಗೊಳ್ಳಬಹುದು, ಅದರ ಉಪಯೋಗ ಮುಂದೆ ಹೇಳುತ್ತೇನೆ. 4ನೇಯದನ್ನು ಬಿಟ್ಟುಬಿಡಿ. "ಸೇರಿಸಿ ಕೊಡ್ತೀನಿ, ಫ್ರೀ ಅನ್ಕೊಳ್ಳಿ" ಅಂದರೂ ಬೇಡ. ಫ್ರೀ ಬಂದದ್ದೂ ಮನೆಯಲ್ಲಿ ಜಾಗ ತಿನ್ನುತ್ತದೆ, ಅದರ ಮೇಲೆ ಒಂದು ಭಾನುವಾರ ಹೋಗುತ್ತದೆ.

ಜನರೇಶನ್ ಗುರುತಿಸುವುದು ನಿಮಗೆ ಗೊತ್ತಿರುತ್ತದೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಐ5 ಅಥವಾ ಐ7 ಆದಮೇಲೆ ಬರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ನೋಡಿ. 4300ಯು ಅಂದರೆ 4ನೇಯದು, 6300ಯು ಅಂದರೆ 6ನೇಯದು, 8250ಯು ಅಥವಾ 8350ಯು ಅಂದರೆ 8ನೇಯದು. ಅಂಗೈ ಇಡುವ ಜಾಗದಲ್ಲಿ ಅಂಟಿಸಿದ ಸ್ಟಿಕ್ಕರ್ ನಂಬಬೇಡಿ, ಹೊಸ ಸ್ಟಿಕ್ಕರ್ ಬಿಡಿಯಾಗಿ ಸಿಗುತ್ತವೆ. ಬಯಾಸ್ (ವಿಂಡೋಸ್ ಬರುವ ಮುಂಚೆ ತೆರೆಯುವ, ಮಷಿನ್‌ನ ಸ್ವಂತ ಸೆಟ್ಟಿಂಗ್ ಪರದೆ) ತೆರೆದು ಕಣ್ಣಾರೆ ನೋಡಿ. 6ನೇ ಜನರೇಶನ್ ಮೇಲೆ ವಿಂಡೋಸ್ 11 ಹಾಕುವ ಅಡ್ಡದಾರಿಗಳು ಇವೆ, ಹಾಕಿದರೆ ಓಡುತ್ತದೆ ಕೂಡ. ಆದರೆ ಅಂಥ ಮಷಿನ್‌ಗೆ ಅಪ್‌ಡೇಟ್ ಕೊಡುವ ಭರವಸೆ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಸ್ವಂತ ಮಷಿನ್‌ಗೆ ಬೇಕಾದರೆ ಮಾಡಿಕೊಳ್ಳಿ. ದುಡ್ಡು ತಗೊಂಡು ಒಬ್ಬ ವಿದ್ಯಾರ್ಥಿಗೆ ಹಾಗೆ ಮಾಡಿ ಕೊಡುವುದು ಸರಿಯಲ್ಲ.

8ನೇ ಜನರೇಶನ್‌ನಲ್ಲೂ ಎಲ್ಲವೂ ಸಮ ಅಲ್ಲ. ಲಾಟಿನಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಟಿ480, ಡೆಲ್‌ನ ಲ್ಯಾಟಿಟ್ಯೂಡ್ 7490 ಅಥವಾ 5490, ಎಚ್‌ಪಿಯ ಎಲೈಟ್‌ಬುಕ್ 840 ಜಿ5 ಇವುಗಳಲ್ಲಿ ಯಾವುದಾದರೂ ಇದ್ದರೆ ಅದೇ ಮೊದಲು. ಎಲ್ಲವೂ ಆಫೀಸಿಗೆ ಅಂತ ಮಾಡಿದವು. ತಳಭಾಗ ಬಿಚ್ಚುವುದು ಸುಲಭ, ರ‍್ಯಾಮ್ ಸ್ಲಾಟ್ ಎರಡೆರಡು ಇವೆ, ಪಾರ್ಟ್ಸ್ ಎಲ್ಲೆಡೆ ಸಿಗುತ್ತವೆ. ಟಿ480ರಲ್ಲಿ ಒಳಗೊಂದು, ಹೊರಗೊಂದು ಅಂತ ಎರಡು ಬ್ಯಾಟರಿ. ಹೊರಗಿನದನ್ನು ಕೈಯಲ್ಲೇ ತೆಗೆದು ಹಾಕಬಹುದು, ದಿನಾ ಕರೆಂಟ್ ಹೋಗುವ ಹಳ್ಳಿಯಿಂದ ಬರುವ ಹುಡುಗರಿಗೆ ಇದು ತುಂಬಾ ಉಪಯೋಗ. ಟಿ480 ಮತ್ತು ಟಿ480ಎಸ್ ಒಂದೇ ಅಂದುಕೊಳ್ಳಬೇಡಿ. 'ಎಸ್' ಇರುವುದರಲ್ಲಿ ಒಂದು ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅದು ಕೆಟ್ಟರೆ ಸಾಮಾನ್ಯ ರಿಪೇರಿಗೆ ಸಿಗುವುದಿಲ್ಲ. ಟಿ480 ತಗೊಂಡರೆ ಟೈಪ್-ಸಿ ಪೋರ್ಟಿನ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಆ ಪೋರ್ಟನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಹಳೆಯದೇ ಇದೆಯಾ ನೋಡಿ. ಹಳೆ ಫರ್ಮ್‌ವೇರ್‌ನ ದೋಷದಿಂದ ಕಾಲಕ್ರಮೇಣ ಟೈಪ್-ಸಿ ಪೋರ್ಟ್ ಕೈಕೊಡುತ್ತಿತ್ತು, ಲೆನೊವೊ ಇದಕ್ಕೆ ಅಪ್‌ಡೇಟ್ ಬಿಟ್ಟಿದೆ, ಉಚಿತ. ಮಾರುವ ಮುಂಚೆ ಅದನ್ನು ಹಾಕಿಬಿಡಿ.

ನನ್ನ ಅನುಭವದಲ್ಲಿ, ಶುರುವಿಗೆ ಎರಡು ಮೂರು ಮಾಡೆಲ್‌ಗೆ ಮಾತ್ರ ಅಂಟಿಕೊಳ್ಳುವವರಿಗೆ ಕೆಲಸ ಹಗುರ. ಒಂದೇ ಮಾಡೆಲ್‌ನ ಐದು ಇದ್ದರೆ ಒಂದು ಸತ್ತರೂ ಉಳಿದ ನಾಲ್ಕಕ್ಕೆ ಪಾರ್ಟ್ಸ್ ಆಯಿತು. ಐದು ಬೇರೆ ಬೇರೆ ಇದ್ದರೆ ಐದು ತರಹದ ಕೀಬೋರ್ಡ್, ಐದು ತರಹದ ಬ್ಯಾಟರಿ ಹುಡುಕಬೇಕು.

ಈಗ ಲಾಟ್ ನೋಡುವ ಕೆಲಸ. ಇದಕ್ಕೆ ಬೆಂಗಳೂರಿಗೆ ನೀವೇ ಹೋಗಿ. ಬೆಳಗಿನ ರೈಲಿಗೆ ಹೋದರೆ ರಾತ್ರಿಗೆ ವಾಪಸ್ ಬರಬಹುದು. ವಿಡಿಯೋ ಕಾಲ್‌ನಲ್ಲಿ ಆನ್ ಮಾಡಿ ತೋರಿಸಿದ್ದನ್ನು ನೋಡಿ ದುಡ್ಡು ಹಾಕಬೇಡಿ. ಜೊತೆಗೆ ಒಂದು ಒರಿಜಿನಲ್ ಡೆಲ್ ಅಡಾಪ್ಟರ್, ಒಂದು 65 ವಾಟ್‌ನ ಟೈಪ್-ಸಿ ಅಡಾಪ್ಟರ್, ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಓಡುವ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್ ಒಂದು, ಸಣ್ಣ ಸ್ಕ್ರೂ ಡ್ರೈವರ್ ಇಷ್ಟು ಇರಲಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಹಾರ್ಡ್‌ಡಿಸ್ಕ್ ಇಲ್ಲದ ಮಷಿನ್‌ನಲ್ಲೂ ವೈಫೈ, ಸ್ಪೀಕರ್, ಕ್ಯಾಮೆರಾ, ಟಚ್‌ಪ್ಯಾಡ್, ಎಲ್ಲ ಕೀ ಪರೀಕ್ಷೆ ಮಾಡಬಹುದು.

ಎಲ್ಲಕ್ಕಿಂತ ಮೊದಲು ಬೀಗ ನೋಡಿ. ಕಂಪನಿ ಮಾಲಿನಲ್ಲಿ ಎರಡು ತರಹದ ಬೀಗ ಇರುತ್ತವೆ. ಒಂದು ಬಯಾಸ್ ಪಾಸ್‌ವರ್ಡ್. ಹಳೆ ಕಾಲದ ಡೆಸ್ಕ್‌ಟಾಪ್‌ನಲ್ಲಿ ಬೋರ್ಡಿನ ಮೇಲಿನ ಸಣ್ಣ ಸೀಮಾಸ್ ಸೆಲ್ ತೆಗೆದು ಹಾಕಿದರೆ ಪಾಸ್‌ವರ್ಡ್ ಹೋಗುತ್ತಿತ್ತು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳಲ್ಲಿ ಹೋಗುವುದಿಲ್ಲ, ಅದು ಬೇರೆ ಚಿಪ್ಪಿನಲ್ಲಿ ಕೂತಿರುತ್ತದೆ. ಇನ್ನೊಂದು ಬೀಗ ಕಣ್ಣಿಗೆ ಕಾಣುವುದೇ ಇಲ್ಲ. ಕಂಪನಿಯವರು ಆ ಲ್ಯಾಪ್‌ಟಾಪನ್ನು ಮೈಕ್ರೋಸಾಫ್ಟ್‌ನ ಆಟೋಪೈಲಟ್‌ನಲ್ಲಿ (ಕಂಪನಿ ಮಷಿನ್‌ಗಳನ್ನು ಇಂಟರ್‌ನೆಟ್ ಮೂಲಕವೇ ಸೆಟಪ್ ಮಾಡುವ ವ್ಯವಸ್ಥೆ) ನೋಂದಾಯಿಸಿ ಆಮೇಲೆ ತೆಗೆಸದೇ ಬಿಟ್ಟಿದ್ದರೆ, ನೀವು ಹೊಸದಾಗಿ ವಿಂಡೋಸ್ ಪ್ರೊ ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದ ಕೂಡಲೇ ಆ ಕಂಪನಿಯ ಹೆಸರು ಬಂದು ಅವರ ಇಮೇಲ್, ಪಾಸ್‌ವರ್ಡ್ ಕೇಳುತ್ತದೆ. ಇಂಟರ್‌ನೆಟ್ ಇಲ್ಲದೆ ಸೆಟಪ್ ಮುಗಿಸಿದರೆ ಇದು ತಪ್ಪಿಸಿಕೊಂಡಂತೆ ಕಾಣುತ್ತದೆ. ನಿಮ್ಮಿಂದ ಕೊಂಡವರು ಆರು ತಿಂಗಳಾದ ಮೇಲೆ ರೀಸೆಟ್ ಮಾಡಿದಾಗ ಮತ್ತೆ ಎದ್ದು ಕೂರುತ್ತದೆ. ಆದ್ದರಿಂದ ಪ್ರತಿ ಮಷಿನ್‌ಗೂ ಒಂದು ಸಲ ವೈಫೈ ಜೋಡಿಸಿಯೇ ವಿಂಡೋಸ್ ಸೆಟಪ್ ಮಾಡಿ ನೋಡಬೇಕು. ಲಾಟ್ ಕೊಡುವವರ ಹತ್ತಿರ ಬಿಲ್ಲಿನ ಮೇಲೇ ಬರೆಸಿಕೊಳ್ಳಿ: ಇಂಥ ಬೀಗ ಬಂದರೆ ವಾಪಸ್ ತಗೋಬೇಕು ಅಂತ. ಬರೆಯಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಡೆಲ್ ಮಷಿನ್‌ಗೆ ಒರಿಜಿನಲ್ ಅಡಾಪ್ಟರ್ ತಗೊಂಡು ಹೋಗಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಡೆಲ್‌ನ ದುಂಡು ಪಿನ್ ನೋಡಿ, ನಡುವೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತದೆ. ಕರೆಂಟ್ ಹೊರಗಿನ ಎರಡು ಪದರದಲ್ಲೇ ಹೋಗುತ್ತದೆ, ನಡುವಿನ ಪಿನ್ ಇರುವುದು "ನಾನು ಇಷ್ಟು ವಾಟ್‌ನ ಅಡಾಪ್ಟರ್" ಅಂತ ಲ್ಯಾಪ್‌ಟಾಪ್‌ಗೆ ಹೇಳಲು. ಅಗ್ಗದ ಅಡಾಪ್ಟರ್‌ನಲ್ಲಿ ಈ ಮಾತುಕತೆ ನಡೆಯುವುದಿಲ್ಲ, ಇಲ್ಲವೇ ಆ ಪಿನ್ ಬಾಗಿರುತ್ತದೆ. ಆಗ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಂಡು ತೆವಳುತ್ತದೆ. ಬೂಟ್ ಆಗುವಾಗ ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಅನ್ನುವ ಸಂದೇಶ ಬರುತ್ತದೆ, ಜನ ಅದನ್ನು ಓದದೆ ಎಂಟರ್ ಒತ್ತಿಬಿಡುತ್ತಾರೆ. "ತುಂಬಾ ಸ್ಲೋ, ಬ್ಯಾಟರಿನೂ ಸತ್ತಿದೆ" ಅಂತ ಹೇಳಿ ತಂದ ಎಷ್ಟೋ ಲ್ಯಾಟಿಟ್ಯೂಡ್‌ಗಳಿಗೆ ನಾನು ಮಾಡಿದ್ದು ಅಡಾಪ್ಟರ್ ಬದಲಾಯಿಸಿದ್ದು ಅಷ್ಟೇ. ಒರಿಜಿನಲ್ ಹಾಕಿದರೂ ಅದೇ ಸಂದೇಶ ಬಂದರೆ ತೊಂದರೆ ಜ್ಯಾಕ್‌ನಲ್ಲಿ ಅಥವಾ ಬೋರ್ಡಿನಲ್ಲಿ ಇರುತ್ತದೆ. ಜ್ಯಾಕ್ ಬಿಡಿಯಾಗಿ ಸಿಗುತ್ತದೆ, ಬದಲಾಯಿಸುವುದು ಸುಲಭ. ಬೋರ್ಡ್ ಆದರೆ ಬಿಡಿ.

ಬ್ಯಾಟರಿಯನ್ನು ಅಂದಾಜಿನಲ್ಲಿ ನೋಡಬೇಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಆದೇಶ ಇದೆ, ನಿಮಗೆ ಗೊತ್ತಿರುತ್ತದೆ. ಆ ರಿಪೋರ್ಟಿನಲ್ಲಿ ಎರಡು ಸಾಲು ಮುಖ್ಯ. ಮಾಡಿದಾಗ ಎಷ್ಟು ಸಾಮರ್ಥ್ಯ ಇತ್ತು, ಈಗ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ಹಿಡಿಯುತ್ತದೆ. 60,000 ಮಿಲಿವಾಟ್-ಅವರ್ ಇದ್ದದ್ದು 45,000 ಹಿಡಿದರೆ ಒಳ್ಳೆಯದು, ಹಾಗೇ ಮಾರಬಹುದು. 27,000 ಆಗಿದ್ದರೆ ಅರ್ಧಕ್ಕಿಂತ ಕೆಳಗೆ ಹೋಯಿತು, ಹೊಸ ಬ್ಯಾಟರಿ ಲೆಕ್ಕದಲ್ಲಿ ಹಿಡಿದೇ ದರ ಮಾತಾಡಿ. ಟಚ್‌ಪ್ಯಾಡ್ ಒತ್ತಲು ಗಟ್ಟಿ ಆಗಿದ್ದರೆ, ತಳ ಮೇಜಿನ ಮೇಲೆ ಸಮ ಕೂರದಿದ್ದರೆ ಬ್ಯಾಟರಿ ಊದಿದೆ ಅಂತ ಅರ್ಥ. ಅದನ್ನು ಚಾರ್ಜ್‌ಗೆ ಹಾಕಬೇಡಿ, ಸ್ಕ್ರೂ ಡ್ರೈವರ್‌ನಿಂದ ಮೀಟಬೇಡಿ, ಚುಚ್ಚಿ ಗಾಳಿ ತೆಗೆಯುವ ಸಾಹಸ ಬೇಡವೇ ಬೇಡ. ಬೆಂಕಿ ಹತ್ತುತ್ತದೆ.

ಅಪ್‌ಗ್ರೇಡ್‌ಗೆ ಬರೋಣ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದಕ್ಕಿಂತ ದೊಡ್ಡ ಅಪ್‌ಗ್ರೇಡ್ ಹಳೆ ಲ್ಯಾಪ್‌ಟಾಪ್‌ಗೆ ಇಲ್ಲ. ಲ್ಯಾಪ್‌ಟಾಪ್‌ನ ಹಾರ್ಡ್‌ಡಿಸ್ಕ್ ಚೆನ್ನಾಗಿದ್ದರೂ ಸೆಕೆಂಡಿಗೆ 100 ಎಂಬಿ ಆಸುಪಾಸು ಓದುತ್ತದೆ, ಚೂರು ಚೂರು ಫೈಲ್‌ಗಳಾದರೆ ಅದರಲ್ಲಿ ಸಣ್ಣ ಪಾಲು ಮಾತ್ರ. ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್‌ಡಿಸ್ಕಿನ ಹಳೆ ತರಹದ ಸಂಪರ್ಕವನ್ನೇ ಬಳಸುವುದು, 500 ದಾಟುತ್ತದೆ. ಎನ್‌ವಿಎಂಇ ಅನ್ನುವ ಹೊಸ ತರಹದ ಎಸ್‌ಎಸ್‌ಡಿ ಅದಕ್ಕಿಂತ ಎಷ್ಟೋ ಪಟ್ಟು ಮೇಲೆ, ಆದರೆ ವರ್ಡ್, ಟ್ಯಾಲಿ, ಬ್ರೌಸರ್ ಬಳಸುವವರಿಗೆ ಸಾಟಾಕ್ಕೂ ಅದಕ್ಕೂ ವ್ಯತ್ಯಾಸ ಕೈಗೆ ಗೊತ್ತಾಗುವುದಿಲ್ಲ. ಹಾಗಾಗಿ ಸ್ಲಾಟ್ ಯಾವುದಿದೆಯೋ ಅದಕ್ಕೆ ತಕ್ಕದ್ದು ಹಾಕಿ. ಎಂ.2 ಸ್ಲಾಟ್ (ಚಪ್ಪಟೆ ಎಸ್‌ಎಸ್‌ಡಿ ಕೂರಿಸುವ ಜಾಗ) ಕಂಡ ಕೂಡಲೇ ಎನ್‌ವಿಎಂಇ ಹೋಗುತ್ತದೆ ಅಂದುಕೊಳ್ಳಬೇಡಿ, ಕೆಲವು ಸ್ಲಾಟ್ ಸಾಟಾ ಮಾತ್ರ ಓದುತ್ತವೆ. ಟಿ480ರಲ್ಲಿ ಮುಖ್ಯ ಜಾಗ 2.5 ಇಂಚಿನ ಡಿಸ್ಕಿನದು, ಅಲ್ಲಿ ಎನ್‌ವಿಎಂಇ ಹಾಕಲು ಬೇರೆ ಬ್ರಾಕೆಟ್, ಕೇಬಲ್ ಬೇಕು. ಸೆಕೆಂಡ್ಸ್ ಎಸ್‌ಎಸ್‌ಡಿ ತಗೊಂಡರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಆರೋಗ್ಯ ಎಷ್ಟು, ಎಷ್ಟು ಗಂಟೆ ಓಡಿದೆ ನೋಡಿ. ಹೆಸರೇ ಕೇಳದ ಬ್ರ್ಯಾಂಡ್‌ನ 1 ಟಿಬಿ ತೀರಾ ಅಗ್ಗಕ್ಕೆ ಬಂದರೆ ಅನುಮಾನ ಪಡಿ, 1 ಟಿಬಿ ಅಂತ ತೋರಿಸಿ ಒಳಗೆ ಅದರ ಚೂರು ಮಾತ್ರ ಇರುವ ನಕಲಿಗಳಿವೆ. ಪೂರ್ತಿ ತುಂಬಿಸಿ ಓದಿಸಿ ನೋಡದೆ ಗೊತ್ತಾಗುವುದಿಲ್ಲ.

ರ‍್ಯಾಮ್ 4 ಜಿಬಿ ಈಗ ಯಾರಿಗೂ ಸಾಲದು. 8 ಹಾಕಿ ಇಡಿ. ಎಂಜಿನಿಯರಿಂಗ್ ಹುಡುಗರು ಆಂಡ್ರಾಯ್ಡ್ ಸ್ಟುಡಿಯೋ, ವರ್ಚುವಲ್ ಮಷಿನ್ ಅಂತಾರೆ, ಅವರಿಗೆ 16 ಬೇಕು. 16 ಆದರೆ 8 ಮತ್ತು 8 ಅಂತ ಎರಡು ಸ್ಲಾಟಿನಲ್ಲೂ ಹಾಕಿ. ಈ ಮಷಿನ್‌ಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ, ಗ್ರಾಫಿಕ್ಸ್ ಇದೇ ರ‍್ಯಾಮ್ ಬಳಸುತ್ತದೆ, ಎರಡು ಸ್ಲಾಟ್ ತುಂಬಿದರೆ ಅದಕ್ಕೆ ದಾರಿ ಅಗಲ ಆಗುತ್ತದೆ. ಒಂದು ಮಾತು ನೆನಪಿಡಿ: 2025ರ ಕೊನೆಯಿಂದ ರ‍್ಯಾಮ್ ದರ ವಿಪರೀತ ಏರಿದೆ. ಎಐ ಸರ್ವರ್‌ಗಳಿಗೆ ಮೆಮೊರಿ ಹೋಗುತ್ತಿರುವುದು ಕಾರಣ. ಹೋದ ವರ್ಷದ ದರ ತಲೆಯಲ್ಲಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಲಾಭ ಅಲ್ಲೇ ಮುಗಿಯಿತು. ನಾನಾದರೆ ಎಲ್ಲಕ್ಕೂ 16 ಹಾಕಿ ಕೂರುವುದಿಲ್ಲ, ಗಿರಾಕಿ ಕೇಳಿದಾಗ ಆವತ್ತಿನ ದರ ಹೇಳಿ ಎದುರಿಗೇ ಹಾಕಿಕೊಡುತ್ತೇನೆ. ಲಾಟಿನಲ್ಲಿ 8ನೇ ಜನರೇಶನ್ ಮಷಿನ್‌ಗಳನ್ನು ರ‍್ಯಾಮ್ ಸಮೇತ ಕೊಡುತ್ತಾರಾ, ತೆಗೆದು ಕೊಡುತ್ತಾರಾ ಅಂತ ಮೊದಲೇ ಕೇಳಿ. ಇವತ್ತಿನ ದರದಲ್ಲಿ ಆ ಒಂದು ಪ್ರಶ್ನೆಗೆ ಸಾವಿರಾರು ರೂಪಾಯಿ ಬೆಲೆ.

4ನೇ ಜನರೇಶನ್ ಬಿಡಿ ಅಂದದ್ದಕ್ಕೆ ಇನ್ನೊಂದು ಕಾರಣವೂ ಇಲ್ಲೇ ಇದೆ. ಅದಕ್ಕೆ ಬೇಕಾದ್ದು 1.35 ವೋಲ್ಟ್‌ನ ಡಿಡಿಆರ್3ಎಲ್. ಹಳೆ 1.5 ವೋಲ್ಟ್‌ನ ಡಿಡಿಆರ್3 ಸ್ಲಾಟಿಗೆ ಸರಿಯಾಗಿ ಕೂರುತ್ತದೆ, ಆದರೆ ಡಿಸ್‌ಪ್ಲೇ ಬರುವುದಿಲ್ಲ. ಬೋರ್ಡ್ ಹೋಗಿದೆ ಅಂತ ತಿಳಿದು ಚಿಪ್ ಲೆವೆಲ್‌ನವರ (ಬೋರ್ಡಿನ ಚಿಪ್‌ಗಳನ್ನೇ ರಿಪೇರಿ ಮಾಡುವವರ) ಹತ್ತಿರ ಓಡುವವರಿದ್ದಾರೆ. ಮತ್ತೆ ಆ ರ‍್ಯಾಮ್ 6ನೇ, 8ನೇಯದಕ್ಕೆ ಹೋಗುವುದಿಲ್ಲ, ಅಲ್ಲಿ ಡಿಡಿಆರ್4. ಹಾಗಾಗಿ 4ನೇಯದು ಪಾರ್ಟ್ಸ್‌ಗೂ ಆಗಿಬರುವುದಿಲ್ಲ. ಅದೇ 6ನೇ ಜನರೇಶನ್‌ನ ಆಫೀಸ್ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಡಿಡಿಆರ್4 ಇರುತ್ತದೆ, ಬಿಚ್ಚಿದರೆ ರ‍್ಯಾಮ್ ಒಂದೇ ಕೊಂಡ ದುಡ್ಡಿನ ಒಳ್ಳೆ ಪಾಲನ್ನು ವಾಪಸ್ ತರಬಹುದು.

ಪ್ರೊಸೆಸರ್ ಬದಲಾಯಿಸುವ ಯೋಚನೆ ಬೇಡ, ಇವೆಲ್ಲ ಬೋರ್ಡಿಗೆ ಬೆಸೆದವು. ಆದರೆ ಫ್ಯಾನ್ ಬಿಚ್ಚಿ ಧೂಳು ತೆಗೆಯದೆ ಒಂದನ್ನೂ ಮಾರಬೇಡಿ. ನಮ್ಮೂರಲ್ಲಿ ಇದು ಇನ್ನೂ ಮುಖ್ಯ. ಮಂಡಕ್ಕಿ ಭಟ್ಟಿ ಕಡೆಯಿಂದ, ರೈಸ್ ಮಿಲ್ ಆಫೀಸುಗಳಿಂದ ಬರುವ ಲ್ಯಾಪ್‌ಟಾಪ್ ಬಿಚ್ಚಿದರೆ ಹೀಟ್‌ಸಿಂಕ್‌ನ ರೆಕ್ಕೆಗಳ ಮೇಲೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಇನ್ನೂ ಒಳಗೆ ಒತ್ತಿಕೊಳ್ಳುತ್ತದೆ, ಫ್ಯಾನ್ ಕಳಚಿ ಬ್ರಷ್‌ನಿಂದ ತೆಗೆಯಬೇಕು. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಹಳೆ ಪೇಸ್ಟ್ ಒಣಗಿ ಸೀಮೆಸುಣ್ಣ ಆಗಿರುತ್ತದೆ, ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ ಹೊಸದು ಹಚ್ಚಿ. ಆಮೇಲೆ ಅರ್ಧ ಗಂಟೆ ಯಾವುದಾದರೂ ಭಾರದ ಕೆಲಸ ಓಡಿಸಿ ತಾಪಮಾನ ನೋಡಿ. 8250ಯುಗೆ ಇಂಟೆಲ್ ಹಾಕಿರುವ ಮಿತಿ 100 ಡಿಗ್ರಿ, ಅದರ ಹತ್ತಿರ ಹತ್ತಿರವೇ ಸುಳಿದಾಡುತ್ತಿದ್ದರೆ ಹೀಟ್‌ಸಿಂಕ್ ಸರಿ ಕೂತಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಫ್ಯಾನ್ ಆರಿಸಿದ ಕೋಣೆಯಲ್ಲಿ ಈ ಪರೀಕ್ಷೆ ಪಾಸಾದರೆ ದಾವಣಗೆರೆಯಲ್ಲಿ ಎಲ್ಲಿಟ್ಟರೂ ಓಡುತ್ತದೆ.

ಹಿಂಜ್, ಅಂದರೆ ಸ್ಕ್ರೀನ್‌ನ ಕೀಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಲಾಟಿನ ಮಾಲು ಸಾಕಾದ ಮೇಲೆ ನಿಮ್ಮ ಹತ್ತಿರ ಊರಿನ ಹುಡುಗರೇ ತಮ್ಮ ಹಳೆ ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ, ಅವರಲ್ಲಿ ತುಂಬಾ ಜನರದ್ದು ಹಿಂಜ್ ಮುರಿದಿರುತ್ತದೆ. ಅಗ್ಗದ ಪ್ಲಾಸ್ಟಿಕ್ ಬಾಡಿಯ ಮಾಡೆಲ್‌ಗಳಲ್ಲಿ ಹಿಂಜ್ ಮುರಿಯುವುದಿಲ್ಲ, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಮುರಿಯುತ್ತದೆ. ಒಳಗೆ ಸಣ್ಣ ಪ್ಲಾಸ್ಟಿಕ್ ಕಂಬ, ಅದರೊಳಗೆ ಕೂರಿಸಿದ ಹಿತ್ತಾಳೆ ನಟ್, ಅದಕ್ಕೆ ಸ್ಕ್ರೂ. ವರ್ಷಗಟ್ಟಲೆ ಧೂಳು ಕೂತು ಹಿಂಜ್ ಬಿಗಿಯಾಗುತ್ತದೆ, ಒಂದು ಮೂಲೆ ಹಿಡಿದು ಸ್ಕ್ರೀನ್ ಎತ್ತುತ್ತಾರೆ, ನಟ್ ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ಅದರ ಮೇಲೆ ಫೆವಿಕ್ವಿಕ್ ಸುರಿದು ತಂದಿರುತ್ತಾರೆ. ಫೆವಿಕ್ವಿಕ್ ಇಲ್ಲಿ ನಿಲ್ಲುವುದಿಲ್ಲ, ಅದು ಒಣಗಿದರೆ ಗಾಜಿನ ಹಾಗೆ ಚಟ್ಟೆನ್ನುತ್ತದೆ. ಮೊದಲು ಅದನ್ನೆಲ್ಲ ಕೆರೆದು ತೆಗೆಯಿರಿ, ಸುತ್ತಲಿನ ಪ್ಲಾಸ್ಟಿಕನ್ನು ಸ್ಯಾಂಡ್‌ಪೇಪರ್‌ನಿಂದ ಒರಟು ಮಾಡಿ, ಹಿತ್ತಾಳೆ ನಟ್ಟಿಗೆ ಸ್ಕ್ರೂ ಹಾಕಿಯೇ ಜಾಗದಲ್ಲಿ ನಿಲ್ಲಿಸಿ, ಸುತ್ತ ಅರಾಲ್ಡೈಟ್ ತುಂಬಿ. ಸ್ಕ್ರೂನ ಥ್ರೆಡ್‌ಗೆ ಚೂರು ಗ್ರೀಸ್ ಸವರಿದ್ದರೆ ಅಂಟು ಸ್ಕ್ರೂಗೆ ಹಿಡಿದು ಕೂರುವುದಿಲ್ಲ. ರಾತ್ರಿಯೆಲ್ಲಾ ಬಿಡಿ, ಐದು ನಿಮಿಷದ ಅಂಟು ಬೇಡ. ಮುಖ್ಯವಾದ ಕೆಲಸ ಇನ್ನೂ ಇದೆ: ಹಿಂಜ್‌ನ ತುದಿಯ ನಟ್ಟನ್ನು ಸ್ವಲ್ಪ ಸಡಿಲ ಮಾಡಿ, ಒಂದು ಹನಿ ಎಣ್ಣೆ ಬಿಡಿ, ಸ್ಕ್ರೀನ್ ಒಂದು ಬೆರಳಲ್ಲಿ ಎತ್ತುವಂತಿರಬೇಕು. ಬಿಗಿ ಹಾಗೇ ಬಿಟ್ಟರೆ ನಿಮ್ಮ ಅಂಟು ಎಷ್ಟೇ ಗಟ್ಟಿ ಇರಲಿ, ಪಕ್ಕದ ಪ್ಲಾಸ್ಟಿಕ್ ಕೀಳುತ್ತದೆ. ಸ್ಕ್ರೀನ್ ಕೇಬಲ್ ಹಿಂಜ್ ಪಕ್ಕದಲ್ಲೇ ಹೋಗುತ್ತದೆ, ಮುಚ್ಚುವಾಗ ಅದು ಸಿಕ್ಕಿಹಾಕಿಕೊಳ್ಳದಂತೆ ನೋಡಿ.

ವಿಂಡೋಸ್ ಲೈಸೆನ್ಸ್. ಕಂಪನಿ ಮಾಲಿಗೆ ಸಾಮಾನ್ಯವಾಗಿ ವಿಂಡೋಸ್ ಪ್ರೊ ಕೀ ಬಯಾಸ್ ಒಳಗೇ ಇರುತ್ತದೆ, ಅದೇ ಆವೃತ್ತಿ ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ಆಗದಿದ್ದರೆ ಆಕ್ಟಿವೇಟರ್ ಅಂತ ಸಿಗುವ ಕಳ್ಳ ಸಾಫ್ಟ್‌ವೇರ್ ಹಾಕಬೇಡಿ. ಅದನ್ನು ಹಾಕಲು ಆಂಟಿವೈರಸ್ ಆರಿಸಬೇಕು, ಆರಿಸಿದ ಮೇಲೆ ಜೊತೆಯಲ್ಲಿ ಏನೇನು ಒಳಗೆ ಬಂತು ಅಂತ ನಿಮಗೂ ಗೊತ್ತಿರುವುದಿಲ್ಲ. ಆ ಲ್ಯಾಪ್‌ಟಾಪ್‌ನಲ್ಲಿ ಒಬ್ಬರು ನಾಳೆ ಬ್ಯಾಂಕ್ ವ್ಯವಹಾರ ಮಾಡುತ್ತಾರೆ.

6ನೇ ಜನರೇಶನ್‌ನ ಉಪಯೋಗ ಆಮೇಲೆ ಹೇಳುತ್ತೇನೆ ಅಂದಿದ್ದೆ. ಅದರ ಮೇಲೆ ಲಿನಕ್ಸ್ ಮಿಂಟ್ 22 ಹಾಕಿ ಕಡಿಮೆ ಬೆಲೆಗೆ ಕೊಡಿ, ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ಅದರಲ್ಲೇ ಸಿಗುತ್ತದೆ. ಸಿಇಟಿ, ನೀಟ್ ಪಾಠ ಕೇಳುವ ಪಿಯುಸಿ ಮಕ್ಕಳಿಗೆ, ಬ್ರೌಸರ್ ಮತ್ತು ಯೂಟ್ಯೂಬ್ ಸಾಕು ಅನ್ನುವ ಮನೆಗಳಿಗೆ ಧಾರಾಳ ಆಗುತ್ತದೆ. ಆದರೆ ಟ್ಯಾಲಿ ಕಲಿಯುವ ಬಿ.ಕಾಂ. ಹುಡುಗರಿಗೆ, ನುಡಿಯಲ್ಲಿ ಟೈಪ್ ಮಾಡುವ ಡಿಟಿಪಿ, ಜೆರಾಕ್ಸ್ ಅಂಗಡಿಯವರಿಗೆ ಇದನ್ನು ದಾಟಿಸಬೇಡಿ. ಅವರ ಸಾಫ್ಟ್‌ವೇರ್ ವಿಂಡೋಸ್‌ನದು, ಮೂರನೇ ದಿನಕ್ಕೆ ವಾಪಸ್ ಬರುತ್ತಾರೆ.

ಈಗ ಲೆಕ್ಕ. ದರ ವಾರಕ್ಕೊಂದು ತರಹ ಇರುತ್ತದೆ, ಹಾಗಾಗಿ ಇದನ್ನು ಉದಾಹರಣೆ ಅಂತ ಮಾತ್ರ ನೋಡಿ. ಒಂದು ಮಷಿನ್ 12,000ಕ್ಕೆ ಬಂತು. ಎಸ್‌ಎಸ್‌ಡಿ 2,500, ಬ್ಯಾಟರಿ 2,500, ಅಡಾಪ್ಟರ್ 900, ಸಾಗಾಟದ ಪಾಲು 300. ಅಲ್ಲಿಗೆ 18,200. ನೀವು 20,500ಕ್ಕೆ ಮಾರಿದಿರಿ, 2,300 ಉಳಿಯಿತು. ಹತ್ತು ಮಾರಿದರೆ 23,000 ಅನ್ನಿಸುತ್ತದೆ. ಆದರೆ ಹತ್ತರಲ್ಲಿ ಒಂದರ ಬೋರ್ಡ್ ವಾರಂಟಿಯೊಳಗೆ ಸತ್ತು ದುಡ್ಡು ವಾಪಸ್ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಅದರ ಪಾರ್ಟ್ಸ್‌ನಿಂದ 8,000 ಬಂದರೂ 10,200 ಹೋಯಿತು. ಒಂಬತ್ತರ ಲಾಭ 20,700ರಲ್ಲಿ ಅದನ್ನು ಕಳೆದರೆ 10,500. ಮಷಿನ್‌ಗೆ ಸಾವಿರ ಚಿಲ್ಲರೆ. ಒಂದೇ ಒಂದು ಸಾವು ಅರ್ಧಕ್ಕಿಂತ ಜಾಸ್ತಿ ಲಾಭ ತಿಂದಿತು. ಇನ್ನೊಂದು ಕಡೆಯಿಂದ ನೋಡಿ: ಬ್ಯಾಟರಿ ಚೆನ್ನಾಗಿರುವುದನ್ನೇ ಆರಿಸಿ, ಅದಕ್ಕೆ 1,000 ಹೆಚ್ಚು ಕೊಟ್ಟು ತಂದಿದ್ದರೂ ಒಂದೊಂದಕ್ಕೆ ಇನ್ನೂ 1,500 ಹೆಚ್ಚು ಉಳಿಯುತ್ತಿತ್ತು. ಅದಕ್ಕೇ ಆರಿಸಲು ಬಿಡದ ಲಾಟ್ ಬೇಡ ಅನ್ನುತ್ತಿರುವುದು.

ಸತ್ತ ಬೋರ್ಡ್ ಬಗ್ಗೆ ನನ್ನ ಮಾತು ಖಡಕ್. ಮಲ್ಟಿಮೀಟರ್ ಹಿಡಿದು ಶಾರ್ಟ್ ಇದೆಯಾ ನೋಡಿ, ರ‍್ಯಾಮ್ ತೆಗೆದು ಕಾಂಟ್ಯಾಕ್ಟ್ ಒರೆಸಿ ಹಾಕಿ, ಬ್ಯಾಟರಿ ಕಳಚಿ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ನೋಡಿ. ಡಿಸ್‌ಪ್ಲೇ ಬರದ ಎಷ್ಟೋ ಮಷಿನ್ ಇಷ್ಟಕ್ಕೇ ಎದ್ದು ಕೂರುತ್ತವೆ. ಏಳದಿದ್ದರೆ ಪಾರ್ಟ್ಸ್‌ಗೆ ಬಿಚ್ಚಿ. ಚಿಪ್ ಲೆವೆಲ್ ರಿಪೇರಿ ಆದ ಬೋರ್ಡನ್ನು ವಾರಂಟಿ ಕೊಟ್ಟು ಮಾರಬೇಡಿ. ಮಾಲೀಕರು ತಮ್ಮದನ್ನು ರಿಪೇರಿ ಮಾಡಿಸಿಕೊಳ್ಳುವುದು ಬೇರೆ ವಿಷಯ, ಅದರಲ್ಲಿ ತಪ್ಪಿಲ್ಲ.

ಊರಿನವರಿಂದ ಕೊಳ್ಳುವಾಗ ಕೊಟ್ಟವರ ಗುರುತಿನ ಚೀಟಿಯ ನಕಲು, ಸೀರಿಯಲ್ ನಂಬರ್, ಅವರ ಸಹಿ ಒಂದು ಪುಸ್ತಕದಲ್ಲಿ ಇರಲಿ. ಬಿಲ್ಲೂ ಇಲ್ಲ, ಪಾಸ್‌ವರ್ಡೂ ಗೊತ್ತಿಲ್ಲ ಅನ್ನುವವರನ್ನು ಹಾಗೇ ಕಳಿಸಿ. ಕದ್ದ ಮಾಲು ಅಂತ ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ, ನಿಮಗೆ ಗೊತ್ತಿರಲಿಲ್ಲ ಅಂತ ತೋರಿಸಲು ಈ ಪುಸ್ತಕವೇ ಆಧಾರ. ಅವರ ಎದುರಿಗೇ ಅಕೌಂಟ್‌ಗಳಿಂದ ಸೈನ್ ಔಟ್ ಮಾಡಿಸಿ. ಡಿಸ್ಕ್ ಸುಮ್ನೆ ಫಾರ್ಮ್ಯಾಟ್ ಮಾಡಿದರೆ ಫೋಟೋಗಳು ಹೋಗುವುದಿಲ್ಲ, ಹಾರ್ಡ್‌ಡಿಸ್ಕ್ ಆದರೆ ಪೂರ್ತಿ ತಿದ್ದಿ ಬರೆಸಬೇಕು, ಎಸ್‌ಎಸ್‌ಡಿ ಆದರೆ ಬಯಾಸ್‌ನಲ್ಲಿರುವ ಸೆಕ್ಯೂರ್ ಎರೇಸ್ ಬಳಸಬೇಕು. ಹೆಣ್ಣುಮಕ್ಕಳ ಲ್ಯಾಪ್‌ಟಾಪ್ ನಂಬಿಕೆಯಿಂದ ನಿಮ್ಮ ಕೈಗೆ ಬರುತ್ತದೆ, ಇದರಲ್ಲಿ ಸೋಮಾರಿತನ ಕೂಡದು.

ಜಿಎಸ್‌ಟಿ ಈಗಲೇ ತಲೆಬಿಸಿ ಬೇಡ. ಬರೀ ಮಾಲು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ರಿಪೇರಿ ಸೇವೆಯೂ ಸೇರಿದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ನೋಂದಣಿ ಆದಮೇಲೂ ಸೆಕೆಂಡ್ ಹ್ಯಾಂಡ್ ಮಾಲಿಗೆ ಒಂದು ಅನುಕೂಲ ಇದೆ. ಕೊಂಡಾಗಿನ ತೆರಿಗೆಯ ಕ್ರೆಡಿಟ್ ತಗೊಳ್ಳದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. ನಿಯಮ 32(5) ಅಂತ ಆಡಿಟರ್ ಹತ್ತಿರ ಹೇಳಿ, ಅವರಿಗೆ ಗೊತ್ತಿರುತ್ತದೆ.

ಊದಿದ ಬ್ಯಾಟರಿ, ಸತ್ತ ಬೋರ್ಡ್ ಗುಜರಿಗೆ ಹಾಕಬೇಡಿ. ತಾಮ್ರಕ್ಕಾಗಿ ಸುಡುತ್ತಾರೆ, ಆ ಹೊಗೆ ನಮ್ಮ ಓಣಿಗೇ ಬರುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಸತ್ತ ಬೋರ್ಡ್ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು, ಬ್ಯಾಟರಿಗೆ ಬೇರೆಯದೇ ಬ್ಯಾಟರಿ ತ್ಯಾಜ್ಯ ನಿಯಮ ಇದೆ. ಒಂದು ಪೆಟ್ಟಿಗೆ ತುಂಬುವವರೆಗೆ ಕೂಡಿಟ್ಟು ಲಾಟ್ ತರಲು ಹೋಗುವಾಗ ಬೆಂಗಳೂರಿಗೆ ಒಯ್ಯಿರಿ. ಬ್ಯಾಟರಿ ಮಾತ್ರ ರೈಲಿನಲ್ಲಿ ಬೇಡ, ಊದಿದ್ದಂತೂ ಬೇಡವೇ ಬೇಡ. ಅದನ್ನು ಮರಳು ತುಂಬಿದ ಡಬ್ಬದಲ್ಲಿ ಮನೆಯಿಂದ ಹೊರಗೆ ಇಟ್ಟು, ಸಂಗ್ರಹಿಸುವವರೇ ಬಂದು ಒಯ್ಯುವ ಏರ್ಪಾಡು ಮಾಡಿ.

ಕೊನೆಯದು ಅಂಗಡಿ. ಈಗ ಬೇಡ. ಅಶೋಕ ರಸ್ತೆಯಲ್ಲೋ ಪಿ.ಜೆ. ಬಡಾವಣೆಯಲ್ಲೋ ಅಡ್ವಾನ್ಸ್ ಕೊಟ್ಟು ಕೂತರೆ ಬಾಡಿಗೆ ಕಟ್ಟುವ ಅವಸರಕ್ಕೆ ಕೆಟ್ಟ ಮಷಿನ್ ಮಾರುವ ಮನಸ್ಸಾಗುತ್ತದೆ. ಆರು ಮಷಿನ್ ಆರಿಸಿ ತನ್ನಿ, ಮನೆಯಲ್ಲೇ ಒಂದು ಕೋಣೆಯಲ್ಲಿ ಸಿದ್ಧ ಮಾಡಿ. ಬಾಪೂಜಿ, ಯುಬಿಡಿಟಿ, ಜಿಎಂ, ತೋಳಹುಣಸೆಯ ವಿಶ್ವವಿದ್ಯಾಲಯ, ಇಷ್ಟು ಕಾಲೇಜಿನ ಹುಡುಗರು ಇರುವ ಊರು ನಮ್ಮದು. ಜುಲೈ, ಆಗಸ್ಟ್‌ನಲ್ಲಿ ಅಡ್ಮಿಶನ್ ಶುರುವಾಗುವ ಹೊತ್ತಿಗೆ ಮಾಲು ಕೈಯಲ್ಲಿರಲಿ. ಪ್ರತಿಯೊಂದಕ್ಕೂ ಒಂದು ಕಾಗದ ಅಂಟಿಸಿ: ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು ಹಿಡಿಯುತ್ತದೆ, ಎಸ್‌ಎಸ್‌ಡಿ ಹೊಸದೋ ಹಳೆಯದೋ, ಏನು ಬದಲಾಯಿಸಿದ್ದೀರಿ, ಗೀರು ಎಲ್ಲಿದೆ. ಮೂರು ತಿಂಗಳ ವಾರಂಟಿ ಬರೆದುಕೊಡಿ, ಬ್ಯಾಟರಿಗೆ ಒಂದು ತಿಂಗಳು ಸಾಕು. ಆರೂ ಮಾರಿ ಆ ಮೂರು ತಿಂಗಳು ಮುಗಿಯುವವರೆಗೆ ಕಾಯಿರಿ, ಯಾವುದು ಯಾಕೆ ವಾಪಸ್ ಬಂತು ಅಂತ ಅದೇ ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಆರರಲ್ಲಿ ಒಂದೂ ಬರಲಿಲ್ಲ, ಅಥವಾ ಒಂದು ಬಂದರೂ ಲೆಕ್ಕದಲ್ಲಿ ದುಡ್ಡು ಉಳಿದಿದೆ ಅಂದರೆ ಆಗ ಅಂಗಡಿ ನೋಡಿ. ಅಲ್ಲಿಯವರೆಗೆ ಎಸ್.ಪಿ. ರಸ್ತೆಯವರಿಗೆ ಫೋನ್ ಮಾಡಿ ಇಷ್ಟು ಹೇಳಿ: 8ನೇ ಜನರೇಶನ್ ಆರು ಬೇಕು, ರ‍್ಯಾಮ್ ಸಮೇತ ಬೇಕು, ಒಂದೊಂದನ್ನೂ ಆನ್ ಮಾಡಿ ನೋಡಿಯೇ ತಗೋತೀನಿ.